ನೀರು ಮಂಡಳಿಯನ್ನು ಶಾಸನದ ಮೂಲಕ ವಿಸರ್ಜಿಸುವುದು ಹೇಗೆ? ಕ್ಯಾಲಿಫೋರ್ನಿಯಾದ ಸಟಿವಾ ಪ್ರಕರಣ

ಬೆಂಗಳೂರಿನ ಜಲಮಂಡಳಿ 1964ರ ಕಾಯ್ದೆಯಿಂದ ಹುಟ್ಟಿದ್ದು, ಅದರ ಆಡಳಿತವನ್ನು ಸರ್ಕಾರ ನೇಮಿಸಿದವರು ನಡೆಸುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪದ್ಧತಿ ಬೇರೆ. ಅಲ್ಲಿ ಕೆಲವೇ ಬೀದಿಗಳಿಗೆ ನೀರು ಕೊಡುವ ‘ವಾಟರ್ ಡಿಸ್ಟ್ರಿಕ್ಟ್’ ಕೂಡ ಸ್ವತಂತ್ರ ಸ್ಥಳೀಯ ಸರ್ಕಾರವೇ. ಅದಕ್ಕೆ ಮತದಾರರು ಚುನಾಯಿಸಿದ ಮಂಡಳಿ ಇರುತ್ತದೆ, ದರ ನಿಗದಿ ಮಾಡುವ ಅಧಿಕಾರವೂ ಇರುತ್ತದೆ. ಇಂಥ ಸಂಸ್ಥೆ ಕೆಟ್ಟು ನಿಂತಾಗ ಅದನ್ನು ಮುಚ್ಚುವ ಬಗೆಯನ್ನು ತಿಳಿಯಲು ಲಾಸ್ ಏಂಜಲೀಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಸಟಿವಾ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1938ರಲ್ಲಿ ಸ್ಥಾಪನೆಯಾದ ಸಟಿವಾ ವಾಟರ್ ಡಿಸ್ಟ್ರಿಕ್ಟ್, ಕಾಂಪ್ಟನ್ ಮತ್ತು ವಿಲೋಬ್ರೂಕ್‌ನ ಸುಮಾರು 1,600 ಸಂಪರ್ಕಗಳಿಗೆ ಕೊಳವೆಬಾವಿ ನೀರು ಹರಿಸುತ್ತಿತ್ತು. 2018ರ ವಸಂತದಲ್ಲಿ ನಲ್ಲಿಗಳಿಂದ ಕಂದು ನೀರು ಬಂತು. ಅಂತರ್ಜಲದಲ್ಲಿ ಸಹಜವಾಗಿರುವ ಮ್ಯಾಂಗನೀಸ್ ಹಳೆಯ ಪೈಪುಗಳ ಒಳಗೋಡೆಗೆ ಕೂತು, ನೀರಿನ ಒತ್ತಡ ಬದಲಾದಾಗ ಕಿತ್ತು ಬರುವುದರಿಂದ ಹೀಗಾಗುತ್ತದೆ. ಜನ ಆ ನೀರನ್ನು ಬಾಟಲಿಗಳಲ್ಲಿ ತುಂಬಿ ಸಾರ್ವಜನಿಕ ಸಭೆಗಳಿಗೆ ತಂದರು.

ಮೊದಲು ಲಾಫ್ಕೊ ಬಾಗಿಲು

ಶಾಸನದ ಮಾತೆತ್ತುವ ಮುನ್ನ ಸಾಮಾನ್ಯ ಕಾನೂನಿನ ದಾರಿಯನ್ನು ತುಳಿಯಬೇಕು. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ ಒಂದೊಂದರಲ್ಲೂ ಲಾಫ್ಕೊ (ಲೋಕಲ್ ಏಜೆನ್ಸಿ ಫಾರ್ಮೇಶನ್ ಕಮಿಷನ್) ಎಂದು ಕರೆಯುವ ಆಯೋಗವಿದ್ದು, ವಾಟರ್ ಡಿಸ್ಟ್ರಿಕ್ಟ್‌ನಂಥ ‘ವಿಶೇಷ ಜಿಲ್ಲೆ’ಗಳನ್ನು ರಚಿಸುವ, ವಿಲೀನಗೊಳಿಸುವ, ವಿಸರ್ಜಿಸುವ ಅಧಿಕಾರವನ್ನು 2000ದ ಕಾರ್ಟೀಸ್-ನಾಕ್ಸ್-ಹರ್ಟ್ಸ್‌ಬರ್ಗ್ ಕಾಯ್ದೆ ಅದಕ್ಕೆ ಕೊಟ್ಟಿದೆ. ಆಯೋಗ ಸಿದ್ಧಪಡಿಸುವ ಸೇವಾ ಪರಿಶೀಲನಾ ವರದಿ, ನೀರಿನ ಪರೀಕ್ಷಾ ಫಲಿತಾಂಶ, ಲೆಕ್ಕಪರಿಶೋಧನೆ, ಮಂಡಳಿ ಸಭೆಗಳ ನಡಾವಳಿ ಇವೆಲ್ಲ ಮುಂದೆ ಮಸೂದೆಗೆ ಆಧಾರವಾಗುತ್ತವೆ. ದೂರುಗಳ ರಾಶಿಗಿಂತ ಈ ದಾಖಲೆಗಳಿಗೇ ಸಮಿತಿಗಳಲ್ಲಿ ಹೆಚ್ಚು ತೂಕ.

ಸಟಿವಾ ವಿಸರ್ಜನೆಯ ಪ್ರಕ್ರಿಯೆಯನ್ನು ಲಾಫ್ಕೊ 2018ರ ಜುಲೈನಲ್ಲಿ ತಾನೇ ಆರಂಭಿಸಿತು. ಆದರೆ ಆಗಿನ ನಿಯಮದ ಪ್ರಕಾರ, ಆಯೋಗ ತಾನಾಗಿ ಕೈಗೊಂಡ ವಿಸರ್ಜನೆಗೆ ಮತದಾರರು ಅಥವಾ ಭೂಮಾಲೀಕರಲ್ಲಿ ಶೇ 10ರಷ್ಟು ಮಂದಿ ಲಿಖಿತ ಆಕ್ಷೇಪ ಸಲ್ಲಿಸಿದರೂ ಚುನಾವಣೆ ನಡೆಸಬೇಕಿತ್ತು. ಕಂದು ನೀರು ಕುಡಿಯಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಕಾಯುವುದು ಯಾರಿಗೂ ಸಾಧ್ಯವಿರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು, ವಿಸರ್ಜನೆ ಮುಗಿಯುವವರೆಗೂ ಪಂಪು, ಖಾತೆ, ಸಿಬ್ಬಂದಿ ಎಲ್ಲವೂ ಅದೇ ಮಂಡಳಿಯ ಕೈಯಲ್ಲೇ ಉಳಿಯುವುದು. ಶಾಸನ ಬೇಕಾದದ್ದು ಈ ಕಾರಣಕ್ಕೆ. (ದುರಾಡಳಿತ ಸಾಬೀತಾದ ಪ್ರಕರಣಗಳಲ್ಲಿ ಆಕ್ಷೇಪದ ಮಿತಿಯನ್ನು 2022ರ ಕಾಯ್ದೆಯೊಂದು ಶೇ 25ಕ್ಕೆ ಏರಿಸಿದೆ.)

ಮಸೂದೆಗೆ ಒಬ್ಬ ಶಾಸಕರು

ಆ ಕ್ಷೇತ್ರದ ಶಾಸಕರೇ ಮಸೂದೆ ಮಂಡಿಸುವುದು ವಾಡಿಕೆ. ಇಲ್ಲಿ ಮೈಕ್ ಗಿಪ್ಸನ್ ಆ ಹೊಣೆ ಹೊತ್ತರು. ಹೊಸ ಮಸೂದೆ ಮಂಡಿಸುವ ಗಡುವು ಫೆಬ್ರವರಿಯಲ್ಲೇ ಮುಗಿಯುವುದರಿಂದ, ಈಗಾಗಲೇ ಸದನದಲ್ಲಿರುವ ಮಸೂದೆಯೊಂದರ ಒಳಗನ್ನು ಪೂರ್ತಿ ತೆಗೆದು ಹೊಸ ವಿಷಯ ತುಂಬುವ ರೂಢಿ ಅಲ್ಲಿದೆ. ಎಬಿ 1577 (ಎಬಿ ಎಂದರೆ ಅಸೆಂಬ್ಲಿ ಬಿಲ್, ಕೆಳಮನೆಯ ಮಸೂದೆ) ಹಾಗೆ ಬದಲಾದ ಮಸೂದೆ. ಕೇಳಲು ಕಳ್ಳದಾರಿಯಂತಿದ್ದರೂ, ಅಂತಿಮ ಪಠ್ಯವನ್ನು ಮತದಾನಕ್ಕೆ 72 ಗಂಟೆ ಮೊದಲೇ ಪ್ರಕಟಿಸಬೇಕೆಂಬ ನಿಯಮವನ್ನು 2016ರಲ್ಲಿ ಜನರೇ ಮತ ಹಾಕಿ ಸಂವಿಧಾನಕ್ಕೆ ಸೇರಿಸಿರುವುದರಿಂದ ಅದು ಈಗ ಅಷ್ಟು ಕತ್ತಲಲ್ಲಿ ನಡೆಯುವುದಿಲ್ಲ.

ಕರಡಿನಲ್ಲಿ ಏನಿರಬೇಕು

ಬಹುಪಾಲು ಶ್ರಮ ಹೋಗಬೇಕಾದದ್ದು ಇಲ್ಲಿ. ‘ಮಂಡಳಿಯನ್ನು ವಿಸರ್ಜಿಸಲಾಗಿದೆ’ ಎಂಬ ಒಂದು ಸಾಲು ಬರೆಯುವುದು ಸುಲಭ. ಮರುದಿನ ಬೆಳಿಗ್ಗೆ ವಾಲ್ವ್ ತಿರುಗಿಸುವವರು ಯಾರು ಎಂಬುದಕ್ಕೆ ಉತ್ತರವಿಲ್ಲದ ಕರಡು ನಿಷ್ಪ್ರಯೋಜಕ. ಹಾಗಾಗಿ ಉತ್ತರಾಧಿಕಾರಿ ಸಂಸ್ಥೆಯ ಹೆಸರಿನಿಂದಲೇ ಬರವಣಿಗೆ ಶುರುವಾಗಬೇಕು. ಸಟಿವಾ ಮಸೂದೆ ರಾಜ್ಯ ಜಲಸಂಪನ್ಮೂಲ ನಿಯಂತ್ರಣ ಮಂಡಳಿಯ ಮೂಲಕ ಕೌಂಟಿಯನ್ನು ತಾತ್ಕಾಲಿಕ ಆಡಳಿತಾಧಿಕಾರಿಯನ್ನಾಗಿ ತರಲು ದಾರಿ ಮಾಡಿತು, ನೇಮಕವಾದ ಮೇಲೆ ಚುನಾಯಿತ ಮಂಡಳಿಯ ಅಧಿಕಾರ ತೆಗೆಯಿತು. ಸಂಸ್ಥೆಯ ಔಪಚಾರಿಕ ವಿಸರ್ಜನೆಯ ಕೆಲಸ ಲಾಫ್ಕೊ ಬಳಿಯೇ ಉಳಿಯಿತು. ಹೊಣೆಗಾರಿಕೆಯ ರಕ್ಷಣೆಯೂ ಅಷ್ಟೇ ಮುಖ್ಯ. ಹಳೆಯ ಮಂಡಳಿಯ ತಪ್ಪಿಗೆ ತಾನು ಕೋರ್ಟಿನಲ್ಲಿ ಉತ್ತರ ಕೊಡಬೇಕಾದೀತು ಎಂಬ ಭಯವಿದ್ದರೆ ಯಾವ ಸಂಸ್ಥೆಯೂ ಒಡಕು ಪೈಪುಗಳ ಜಾಲಕ್ಕೆ ಕೈಹಾಕುವುದಿಲ್ಲ.

ಇದರ ಜೊತೆಗೆ ಆಸ್ತಿ, ಸಾಲ, ಕಾರ್ಮಿಕರ ಬಾಕಿ, ನಡೆಯುತ್ತಿರುವ ದಾವೆಗಳು ಯಾರ ಪಾಲಿಗೆ ಎಂಬುದನ್ನು ಬಿಡಿಸಿ ಬರೆಯಬೇಕು. ಒಂದೇ ಊರಿಗೆ ಕಾನೂನು ಮಾಡುವಾಗ ಇನ್ನೊಂದು ಬಲೆಯೂ ಇದೆ: ಸಾಮಾನ್ಯ ಕಾನೂನು ಅನ್ವಯಿಸಬಹುದಾದ ಕಡೆ ವಿಶೇಷ ಕಾನೂನು ಅಸಿಂಧು ಎನ್ನುತ್ತದೆ ರಾಜ್ಯ ಸಂವಿಧಾನದ 4ನೇ ವಿಧಿಯ 16ನೇ ಪ್ರಕರಣ. ಈ ಊರಿನ ಪರಿಸ್ಥಿತಿ ಏಕೆ ವಿಶಿಷ್ಟ ಎಂಬ ಕಾರಣವನ್ನು ಮಸೂದೆಯಲ್ಲೇ ದಾಖಲಿಸದಿದ್ದರೆ ಅತೃಪ್ತ ಮಂಡಳಿಯ ವಕೀಲರು ಮೊದಲು ಹಿಡಿಯುವುದೇ ಅದನ್ನು.

ಮತ, ಅಂಕಿತ

ಕಾನೂನು ಕೂಡಲೇ ಜಾರಿಗೆ ಬರಬೇಕಾದರೆ ತುರ್ತು ಕಲಮು ಸೇರಿಸಬೇಕು. ಆಗ ಮೂರನೇ ಎರಡರಷ್ಟು ಬಹುಮತ ಬೇಕು: ಕೆಳಮನೆಯ 80ರಲ್ಲಿ 54, ಮೇಲ್ಮನೆಯ 40ರಲ್ಲಿ 27 ಮತ. ತುರ್ತು ಕಲಮಿಲ್ಲದಿದ್ದರೆ ಸಾಮಾನ್ಯ ಮಸೂದೆ ಮರುವರ್ಷದ ಜನವರಿ 1ರಿಂದ ಜಾರಿಗೆ ಬರುವುದು ರೂಢಿ. ಗವರ್ನರ್ ಜೆರ್ರಿ ಬ್ರೌನ್ 2018ರ ಸೆಪ್ಟೆಂಬರ್‌ನಲ್ಲಿ ಎಬಿ 1577ಕ್ಕೆ ಅಂಕಿತ ಹಾಕಿದರು. ನವೆಂಬರ್ ಹೊತ್ತಿಗೆ ಕೌಂಟಿಯ ಲೋಕೋಪಯೋಗಿ ಇಲಾಖೆ ನೀರು ಸರಬರಾಜನ್ನು ವಹಿಸಿಕೊಂಡಿತ್ತು.

ಅಂಕಿತದ ನಂತರ

ಹಸ್ತಾಂತರದ ದಿನ ಬಾವಿಗಳ ಬೀಗದ ಕೈ, ಪೈಪುಜಾಲದ ನಕ್ಷೆ, ಗ್ರಾಹಕರ ಪಟ್ಟಿ, ಬ್ಯಾಂಕ್ ಖಾತೆ, ನೀರಿನ ಪರೀಕ್ಷಾ ವರದಿಗಳು ಒಟ್ಟಿಗೆ ಕೈಬದಲಾಗಬೇಕು. ಸಣ್ಣ ಸಂಸ್ಥೆಗಳಲ್ಲಿ ವಾಲ್ವ್ ಎಲ್ಲಿದೆ ಎಂಬುದು ನಕ್ಷೆಗಿಂತ ಹಳೆಯ ನೌಕರರ ನೆನಪಿನಲ್ಲೇ ಇರುವುದರಿಂದ, ಅವರನ್ನು ಕೆಲವು ತಿಂಗಳಾದರೂ ಉಳಿಸಿಕೊಳ್ಳುವುದು ಜಾಣತನ.

ಲಾಫ್ಕೊ 2019ರಲ್ಲಿ ವಿಸರ್ಜನೆಗೆ ಒಪ್ಪಿಗೆ ಕೊಟ್ಟಿತು. ಕಾಯಂ ನಿರ್ವಾಹಕರ ಹುಡುಕಾಟ ಅದಕ್ಕಿಂತ ದೀರ್ಘವಾಯಿತು: ಸಬರ್ಬನ್ ವಾಟರ್ ಸಿಸ್ಟಮ್ಸ್ ಎಂಬ ಖಾಸಗಿ ಕಂಪನಿಗೆ ಈ ಜಾಲವನ್ನು ವರ್ಗಾಯಿಸುವ ಕೆಲಸ ಪೂರ್ಣಗೊಂಡದ್ದು 2022ರಲ್ಲಿ. ಹೀಗೆ ಮಾಡುವಾಗ ಒಂದು ಬದಲಾವಣೆಯನ್ನು ನಿವಾಸಿಗಳಿಗೆ ಮುಂಚೆಯೇ ಸ್ಪಷ್ಟವಾಗಿ ತಿಳಿಸಬೇಕು. ಚುನಾಯಿತ ಮಂಡಳಿ ಹೋದ ಮೇಲೆ ದರವನ್ನು ನಿರ್ಧರಿಸುವುದು ರಾಜ್ಯದ ಸಾರ್ವಜನಿಕ ಸೇವೆಗಳ ಆಯೋಗ. ಮತಪೆಟ್ಟಿಗೆಯಲ್ಲಿ ಹೇಳುತ್ತಿದ್ದ ಅತೃಪ್ತಿಯನ್ನು ಇನ್ನು ಮುಂದೆ ಆಯೋಗದ ದರ ವಿಚಾರಣೆಯಲ್ಲಿ ಹಾಜರಾಗಿ ಅಥವಾ ಲಿಖಿತವಾಗಿ ಹೇಳಬೇಕಾಗುತ್ತದೆ.