ಚಾವಡಿಯ ತಲೆಭಾರ ಇಳಿಸಿದ್ದು

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ನಮ್ಮವರಿಗೆ ಹಳೆಯದೊಂದು ಚಾವಡಿಯಿದೆ. ಮಜೂರಿಯ ತಕರಾರು, ನೂಲಿನ ಹಂಚಿಕೆ ಎಲ್ಲವೂ ಇತ್ಯರ್ಥವಾಗುತ್ತಿದ್ದುದು ಅಲ್ಲಿಯೇ. ನಡುತೊಲೆ ಬಾಗಿದಾಗ, ಕೆಡವಿ ಮಂಗಲ ಕಾರ್ಯಾಲಯ ಕಟ್ಟೋಣ ಎಂದವರೇ ಹೆಚ್ಚು. ಮಗ್ಗ ಬಿಟ್ಟು ಬಡಿಗತನ ಹಿಡಿದವನೆಂದು ದುರಸ್ತಿಯ ಹೊಣೆ ನನ್ನ ಹೆಗಲಿಗೆ ಬಂತು.

ಎಲ್ಲರೂ ತೊಲೆಯನ್ನು ದೂರುತ್ತಿದ್ದರು. ನಾನು ಮಾಳಿಗೆ, ಅಂದರೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿ, ಹತ್ತಿ ಒಂದು ಗುಂಡಿ ತೋಡಿಸಿದೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುವುದು ವಾಡಿಕೆ. ಹಳೆಯದನ್ನು ಕೆರೆದು ತೆಗೆಯುವ ವಾಡಿಕೆ ಮಾತ್ರ ಎಂದೋ ತಪ್ಪಿಹೋಗಿತ್ತು. ಒಂದು ಘನ ಮೀಟರ್ ಒಣಮಣ್ಣು ಸುಮಾರು 1,600 ಕಿಲೋ ತೂಗುತ್ತದೆ. ಒಂದಡಿ ದಪ್ಪವಿದ್ದರೂ ಚದರ ಮೀಟರಿಗೆ 500 ಕಿಲೋ ಹತ್ತಿರವಾಯಿತು. ನೆನೆದರೆ ಇನ್ನೂ ಹೆಚ್ಚು. ನಮ್ಮದು ಒಂದಡಿಯನ್ನು ಎಂದೋ ದಾಟಿತ್ತು. ಪಾಪ, ತೊಲೆ ಇಷ್ಟು ಕಾಲ ತಡೆದದ್ದೇ ದೊಡ್ಡದು.

ಕೆಳಗೆ ಆಸರೆ ಕಂಬ ಕೊಟ್ಟು, ಎರಡೂ ಬದಿಯಿಂದ ಸಮನಾಗಿ ಮಣ್ಣು ಇಳಿಸಿದೆವು. ಒಂದೇ ಕಡೆಯಿಂದ ತೆಗೆದರೆ ಗೋಡೆ ವಾಲುತ್ತದೆ. ಭಾರ ಇಳಿದ ಮೇಲೆ ಜಾಕಿಯಿಂದ ತೊಲೆಯನ್ನು ದಿನಕ್ಕಿಷ್ಟೆಂದು ಎತ್ತಿದೆವು. ಗೋಡೆಯೊಳಗಿನ ಅದರ ತುದಿ ಲಡ್ಡಾಗಿತ್ತು. ಹಿಂದೆ ಯಾರೋ ಚೊಕ್ಕವಾಗಿ ಕಾಣಲೆಂದು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗೆ ಸಿಮೆಂಟು ಬಳಿಸಿದ್ದರು. ತೇವ ಹೊರಬರಲು ದಾರಿಯಿಲ್ಲದೆ ಮರಕ್ಕೆ ಇಳಿದಿತ್ತು. ಕೆಟ್ಟಷ್ಟನ್ನೇ ಕೊಯ್ದು, ಒಣಗಿದ ತೇಗದ ತುಂಡನ್ನು ಓರೆಯಾಗಿ ಬೆಸೆದು ಬೋಲ್ಟು ಹಾಕಿದೆ. ಸಿಮೆಂಟು ಕಿತ್ತು, ಬೆಲ್ಲದ ನೀರು, ಅಳಲೆಕಾಯಿಯ ರಸ ಬೆರೆಸಿದ ಸುಣ್ಣದ ಗಾರೆ ಮೆತ್ತಿಸಿದೆ.

ಮಾಳಿಗೆಗೆ ಜಂತಿಯ ಮೇಲೆ ಹಲಗೆ, ಬೇವಿನ ಸೊಪ್ಪು, ಮಣ್ಣು, ಕೊನೆಗೆ ಸವಳು ಮಣ್ಣಿನ ತೆಳು ಪದರ. ಪ್ಲಾಸ್ಟಿಕ್ ಹಾಳೆ ಹಾಸೆಂದು ತರುಣರು ಹಟ ಹಿಡಿದಿದ್ದರು. ಬೆಳೆಗೆ ಬಾರದ ಸವಳು ಇಲ್ಲಿ ಕೆಲಸಕ್ಕೆ ಬರುತ್ತದೆ: ನೆನೆದರೆ ಅದರಲ್ಲಿನ ಸೋಡಿಯಂ ಜೇಡಿಯನ್ನು ಬಿಡಿಸಿ ಸಂದುಗಳನ್ನು ಮುಚ್ಚುತ್ತದೆ, ನೀರು ಇಳಿಯದೆ, ಅದನ್ನು ಹೊರಹಾಕುವ ದೋಣಿಯತ್ತ ಹರಿಯುತ್ತದೆ. ಅದಕ್ಕೆ ಇಳಿಜಾರು ಸರಿಯಿರಬೇಕು. ಹಗ್ಗ ಕಟ್ಟಿ ನೋಡಿದ್ದು ಬೇರೆ ಯಾವುದಕ್ಕಿಂತ ಹೆಚ್ಚಾಗಿ ಇದನ್ನೇ.

ಮಂಗಲ ಕಾರ್ಯಾಲಯದ ಮಾತು ಸಭೆಯಲ್ಲಿ ಈಗಲೂ ಏಳುತ್ತದೆ. ನಾನು ವಾದಕ್ಕೆ ಹೋಗುವುದಿಲ್ಲ. ಮಾಳಿಗೆಯ ಸುತ್ತಣ ಮೋಟುಗೋಡೆಯ ಒಳಮೈಯಲ್ಲಿ ಒಂದು ಗೆರೆ ಕೊರೆಸಿದ್ದೇನೆ. ಮಣ್ಣು ಆ ಗೆರೆ ಮುಟ್ಟಿದ ವರ್ಷ ಹಳೆಯದನ್ನು ಕೆರೆದ ಮೇಲೆಯೇ ಹೊಸ ಬುಟ್ಟಿ ಮೇಲೇರಬೇಕೆಂದು ಠರಾವು ಪುಸ್ತಕದಲ್ಲಿ ಬರೆಸಿ, ಎಲ್ಲರ ಸಹಿ ಹಾಕಿಸಿದ್ದೇನೆ.