ಮೋಟರ್ ಟ್ರೈಕಿಗೆ ಚೈನ್ ಡ್ರೈವ್: ಆಕ್ಸಲ್ ಮೊದಲು, ಎಂಜಿನ್ ಆಮೇಲೆ

ಮನೆಯಲ್ಲೇ ಟ್ರೈಕ್ ಕಟ್ಟಲು ಹೊರಟವರು ಎಂಜಿನ್ನನ್ನು ಮೊದಲು ಕೂರಿಸಿ ಪೂರ್ತಿ ವೆಲ್ಡ್ ಮಾಡಿಬಿಡುತ್ತಾರೆ. ಹಿಂದಿನ ಆಕ್ಸಲ್ ನೆನಪಾಗುವುದು ಆಮೇಲೆ. ಚೈನು ಓರೆಯಾಗುವುದು ಅಲ್ಲಿಂದಲೇ ಶುರು. ಆಕ್ಸಲ್ ಎಲ್ಲಿರಬೇಕೆಂದು ಹೇಳುವುದು ಚಕ್ರಗಳು. ಒಮ್ಮೆ ಕೂತ ಮೇಲೆ ಅದನ್ನು ಅಲುಗಾಡಿಸಲಾಗದು. ಎಂಜಿನ್ನನ್ನಾದರೆ ಹತ್ತು ಮಿ.ಮೀ. ಅತ್ತಿತ್ತ ಸರಿಸಬಹುದು. ಆದ್ದರಿಂದ ಕೆಲಸ ಹಿಂದಿನಿಂದ ಮುಂದಕ್ಕೆ ಸಾಗಬೇಕು. ಇಲ್ಲಿರುವುದು 125ರಿಂದ 200 ಸಿಸಿ ಬೈಕ್ ಎಂಜಿನ್, ಮುಂದೆ ಒಂದು ಚಕ್ರ, ಹಿಂದೆ ಎರಡು ಇರುವ ಟ್ರೈಕಿನ ಲೆಕ್ಕ.

ಎರಡು ಚಕ್ರಕ್ಕೋ, ಒಂದಕ್ಕೋ?

ಹಿಂದಿನ ಚಕ್ರಗಳ ನಡುವೆ 1 ಮೀಟರ್ ಅಂತರವಿದೆ, ಟ್ರೈಕ್ 5 ಮೀಟರ್ ತ್ರಿಜ್ಯದ ತಿರುವಿನಲ್ಲಿದೆ ಎನ್ನಿ. ಹೊರಚಕ್ರ 5.5 ಮೀ. ತ್ರಿಜ್ಯದಲ್ಲೂ ಒಳಚಕ್ರ 4.5 ಮೀ. ತ್ರಿಜ್ಯದಲ್ಲೂ ಓಡಬೇಕು. ಅಂದರೆ ಹೊರಗಿನದು ಶೇ. 22ರಷ್ಟು ಹೆಚ್ಚು ದೂರ ಉರುಳಬೇಕು. ಎರಡನ್ನೂ ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದರೆ ಯಾವುದಾದರೂ ಒಂದು ಟೈರು ಉಜ್ಜಿಕೊಂಡೇ ಹೋಗಬೇಕು. ಮಣ್ಣಿನಲ್ಲಿ ಅದು ನಡೆದೀತು. ಡಾಂಬರಿನ ಮೇಲೆ ಹ್ಯಾಂಡಲ್ ತಿರುಗಿಸಿದರೂ ಟ್ರೈಕ್ ನೇರಕ್ಕೇ ನುಗ್ಗುತ್ತದೆ, ಆಕ್ಸಲ್ ಮೇಲೆ ತಿರುಚುವ ಹೊರೆಯೂ ಬೀಳುತ್ತದೆ.

ಒಂದೇ ಚಕ್ರಕ್ಕೆ ಡ್ರೈವ್ ಕೊಟ್ಟು ಇನ್ನೊಂದನ್ನು ಬೇರಿಂಗ್ ಮೇಲೆ ಸ್ವತಂತ್ರವಾಗಿ ಬಿಡುವುದು ಅಗ್ಗದ ದಾರಿ. ಬಲಚಕ್ರಕ್ಕೆ ಡ್ರೈವ್ ಕೊಟ್ಟರೆ ಆಕ್ಸಿಲರೇಟರ್ ತಿರುವಿದಾಗ ಟ್ರೈಕ್ ಎಡಕ್ಕೆ ಎಳೆಯುತ್ತದೆ. ಸಣ್ಣ ಎಂಜಿನ್ನಿಗೆ ಇದು ಸಹಿಸುವಂಥದ್ದೇ. ರಸ್ತೆಗೆ ಸರಿಯಾದದ್ದು ಎರಡು ಚಕ್ರಗಳನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್, ಅದರಲ್ಲೂ ಹೊರಮೈಗೇ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಬೋಲ್ಟ್ ಮಾಡುವ ಚೈನ್ ಡಿಫರೆನ್ಷಿಯಲ್. ಕಾರಿನ ಇಡೀ ಹಿಂದಿನ ಆಕ್ಸಲ್ ಹಾಕುವವರು ಎರಡು ವಿಷಯ ನೋಡಿಕೊಳ್ಳಿ. ಒಂದು, ಅದರೊಳಗಿನ ಹಲ್ಲುಚಕ್ರಗಳಾದ ಕ್ರೌನ್ (ದೊಡ್ಡದು) ಮತ್ತು ಪಿನಿಯನ್ (ಚಿಕ್ಕದು) ಆಗಲೇ ನಾಲ್ಕು ಪಟ್ಟಿನಷ್ಟು ವೇಗ ಇಳಿಸಿರುತ್ತವೆ, ಹಾಗಾಗಿ ಅದರ ಮುಂದಿನ ಚೈನು ಹೆಚ್ಚುಕಡಿಮೆ 1:1 ಇರಲಿ. ಎರಡು, ತಿರುಗುವ ದಿಕ್ಕು. ವೆಲ್ಡ್ ಮಾಡುವ ಮುಂಚೆ ಪಿನಿಯನ್ನನ್ನು ಎಂಜಿನ್ನಿನ ದಿಕ್ಕಿನಲ್ಲಿ ಕೈಯಿಂದ ತಿರುಗಿಸಿ, ಚಕ್ರ ಮುಂದಕ್ಕೇ ಹೋಗುತ್ತದೆಯೇ ನೋಡಿ. ಎಲ್ಲ ಗೇರೂ ರಿವರ್ಸ್ ಆಗಿರುವ ಟ್ರೈಕ್ ಯಾರಿಗೂ ಬೇಡ.

ಹಲ್ಲಿನ ಲೆಕ್ಕ

ಟೈರಿನ ಮೇಲೆ ಅಚ್ಚಾದ ಅಳತೆಯನ್ನು ನಂಬಬೇಡಿ. ಟೈರಿಗೆ ಗಾಳಿ ತುಂಬಿ, ಮೇಲೆ ಒಬ್ಬರನ್ನು ಕೂರಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಸರಿಯಾಗಿ ಒಂದು ಸುತ್ತು ತಳ್ಳಿ ಅಳೆಯಿರಿ. ಅದು 1.65 ಮೀ. ಬಂತು ಎನ್ನೋಣ. ಎಂಜಿನ್ನಿನ ಪ್ರೈಮರಿ ಅನುಪಾತ (ಕ್ರ್ಯಾಂಕಿನಿಂದ ಕ್ಲಚ್ಚಿಗೆ ಬರುವಾಗ ಆಗುವ ವೇಗದ ಇಳಿತ) 3, ಟಾಪ್ ಗೇರ್ 0.9, ಮುಂದಿನ ಸ್ಪ್ರಾಕೆಟ್ 14 ಹಲ್ಲು, ಹಿಂದಿನದು 42. ಒಟ್ಟು ಇಳಿತ 3 × 0.9 × 3 = 8.1. ಎಂಜಿನ್ 7000 ಆರ್‌ಪಿಎಂನಲ್ಲಿ ಆಕ್ಸಲ್ 864 ಸುತ್ತು, ಅಂದರೆ ಗಂಟೆಗೆ ಸುಮಾರು 85 ಕಿ.ಮೀ. ಟ್ರೈಕಿಗೆ ಇದು ಸಾಕು, ಹೆಚ್ಚೇ ಆಯಿತು. ಬೈಕಿನಲ್ಲಿದ್ದ 36 ಹಲ್ಲನ್ನೇ ಉಳಿಸಿಕೊಂಡರೆ ಕಾಗದದ ಮೇಲೆ 100 ಕಾಣುತ್ತದೆ. ಆದರೆ ಏರಿನಲ್ಲಿ ಹೊರಡುವಾಗ ಕ್ಲಚ್ ಸುಟ್ಟ ವಾಸನೆ ಬರುತ್ತದೆ, ಏಕೆಂದರೆ ಟ್ರೈಕ್ ಬೈಕಿಗಿಂತ ಬಹಳ ಭಾರ. ಎಳೆತ ಬೇಕೆಂದು ಮುಂದಿನ ಸ್ಪ್ರಾಕೆಟ್ಟನ್ನು 13ಕ್ಕಿಂತ ಕೆಳಗಿಳಿಸಬೇಡಿ, ಚೈನಿನ ಕೊಂಡಿಗಳು ಅಷ್ಟು ಚಿಕ್ಕ ಸುತ್ತಿನಲ್ಲಿ ಮಡಚಿ ಬೇಗ ಸವೆಯುತ್ತವೆ. ಹಿಂದಿನದನ್ನು ದೊಡ್ಡದು ಮಾಡಿ.

ಆಕ್ಸಲ್, ಕೀ, ಬೇರಿಂಗ್

ಮುರಿಯುವುದು ಹೆಚ್ಚಾಗಿ ಇಲ್ಲೇ. 12 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್, ಒಂದನೇ ಗೇರ್ 2.8 ಎಂದರೆ ಆಕ್ಸಲ್‌ಗೆ ಬರುವುದು 12 × 3 × 2.8 × 3, ಸುಮಾರು 300 ನ್ಯೂಟನ್ ಮೀಟರ್. 30 ಮಿ.ಮೀ. ದಪ್ಪದ ಆಕ್ಸಲ್ ಷಾಫ್ಟಿನ ಮೇಲ್ಮೈಯಲ್ಲಿ ಅದನ್ನು ಹಿಡಿದು ನಿಲ್ಲಿಸುವುದು ಬೆರಳಿನಷ್ಟಿರುವ ಒಂದು ಕೀ, ಅಂದರೆ ಷಾಫ್ಟಿಗೂ ಅದರ ಮೇಲಿನ ಹಬ್‌ಗೂ (ಸ್ಪ್ರಾಕೆಟ್ ಕೂರುವ ನಡುಭಾಗ) ನಡುವೆ ಸಿಗಿಸುವ ಉಕ್ಕಿನ ತುಂಡು. ಅದರ ಮೇಲೆ ಬೀಳುವ ಬಲ 20,000 ನ್ಯೂಟನ್, ಅಂದರೆ ಎರಡು ಟನ್ ತೂಕದಷ್ಟು. ಕ್ಲಚ್ಚನ್ನು ಫಕ್ಕನೆ ಬಿಟ್ಟರೆ ಇನ್ನೂ ಹೆಚ್ಚು. ಆದ್ದರಿಂದ ಷಾಫ್ಟ್ ಇಎನ್ 8 ಅಥವಾ ಅದಕ್ಕಿಂತ ಗಟ್ಟಿ ಉಕ್ಕಿನದಿರಲಿ, ಕೀ 8 × 7 ಮಿ.ಮೀ., ಉದ್ದ ಕನಿಷ್ಠ 40 ಮಿ.ಮೀ. ಕೀ ಕೂರುವ ತೋಡನ್ನು ಮಿಲ್ಲಿಂಗ್ ಯಂತ್ರದಲ್ಲೇ ಕೊರೆಸಿ. ಗ್ರೈಂಡರಿನಲ್ಲಿ ಕೊರೆದ ತೋಡಿನಲ್ಲಿ ಕೀ ಅಲ್ಲಾಡುತ್ತದೆ, ಅಲ್ಲಾಡುವ ಕೀ ಕೆಲವೇ ದಿನಗಳಲ್ಲಿ ತೋಡಿನ ಅಂಚನ್ನು ಅಗಲ ಮಾಡುತ್ತದೆ. ಹಬ್ಬನ್ನು ಷಾಫ್ಟಿಗೆ ವೆಲ್ಡ್ ಮಾಡುವ ಯೋಚನೆ ಬೇಡ: ಬಿಸಿಗೆ ಷಾಫ್ಟ್ ಬಾಗುತ್ತದೆ, ವೆಲ್ಡಿನ ಪಕ್ಕದಲ್ಲೇ ಬಿರುಕು ಹುಟ್ಟುತ್ತದೆ.

30 ಮಿ.ಮೀ. ಷಾಫ್ಟಿಗೆ ಯುಸಿಪಿ 206 ಬ್ಲಾಕ್ ಬೇರಿಂಗ್ ಹೊಂದುತ್ತದೆ. ಒಂದೊಂದು ಚಕ್ರಕ್ಕೂ ಆದಷ್ಟು ಹತ್ತಿರ ಒಂದೊಂದು, ಸ್ಪ್ರಾಕೆಟ್ಟಿನ ಪಕ್ಕ ಇನ್ನೊಂದು. ಮೂರನೆಯದು ಉಳಿದೆರಡರ ಸಾಲಿನಲ್ಲಿ ಕೂರಲೇಬೇಕು, ಇಲ್ಲವಾದರೆ ಷಾಫ್ಟನ್ನೇ ಬಾಗಿಸುತ್ತದೆ. ಅಡಿಗೆ ಶಿಮ್ (ತೆಳು ತಗಡು) ಕೊಟ್ಟು ಕೂರಿಸಿ, ಬೋಲ್ಟ್ ಬಿಗಿದ ಮೇಲೂ ಷಾಫ್ಟ್ ಎರಡು ಬೆರಳಲ್ಲಿ ಸಲೀಸಾಗಿ ತಿರುಗಬೇಕು. ಷಾಫ್ಟನ್ನು ಒತ್ತಿ ಹಿಡಿಯುವ ಬೇರಿಂಗಿನ ಗ್ರಬ್ ಸ್ಕ್ರೂಗಳು ತಿರುವಿನಲ್ಲಿ ಬರುವ ಅಡ್ಡ ಬಲವನ್ನು ತಡೆಯಲಾರವು. ಷಾಫ್ಟಿನಲ್ಲೇ ಮೆಟ್ಟಿಲು ಮಾಡಿಸಿ, ಇಲ್ಲವೇ ಕಾಲರ್ ಹಾಕಿ.

ಸ್ಪ್ರಾಕೆಟ್ಟನ್ನು ನೇರ ಷಾಫ್ಟಿಗೆ ಬಿಗಿಯುವ ಬದಲು ಬೈಕಿನ ಹಿಂದಿನ ಹಬ್ಬಿನಲ್ಲಿರುವ ರಬ್ಬರ್ ಸಮೇತ ಬಳಸಿ. ಆ ರಬ್ಬರ್ ಇಲ್ಲದಿದ್ದರೆ ಪ್ರತಿ ಝಟಕೆಯೂ ಗೇರ್‌ಬಾಕ್ಸಿನ ಹಲ್ಲಿಗೇ ಬಡಿಯುತ್ತದೆ.

ಸಾಲು ಹಿಡಿಯುವುದು

ಹ್ಯಾಂಡಲ್ ಕೊಳವೆಯ ನಡುವಿನಿಂದ ಆಕ್ಸಲ್ಲಿನ ಎರಡೂ ತುದಿಗೆ ಟೇಪು ಹಿಡಿಯಿರಿ, ವ್ಯತ್ಯಾಸ 2 ಮಿ.ಮೀ. ಮೀರಬಾರದು. ಈಗ ಎಂಜಿನ್ನಿನ ಸರದಿ. ತೆಳ್ಳನೆಯ ದಾರವನ್ನು ಹಿಂದಿನ ಸ್ಪ್ರಾಕೆಟ್ಟಿನ ಮುಖದ ಎರಡೂ ಅಂಚಿಗೆ ತಾಗುವಂತೆ ಬಿಗಿಯಾಗಿ ಎಳೆದು ಮುಂದಿನ ಸ್ಪ್ರಾಕೆಟ್ಟಿನವರೆಗೆ ಒಯ್ಯಿರಿ. ದಾರ ಅದರ ಮುಖಕ್ಕೂ ಹಾಗೇ ತಾಗಬೇಕು. 1 ಮಿ.ಮೀ. ಒಳಗೆ ತಂದರೆ ಒಳ್ಳೆಯದು, 2 ದಾಟಿದರೆ ಮತ್ತೆ ಸರಿಸಿ. ಎರಡು ಸ್ಪ್ರಾಕೆಟ್ಟಿನ ದಪ್ಪ ಬೇರೆಯಾಗಿದ್ದರೆ ಹಲ್ಲಿನ ನಡುವನ್ನು ಲೆಕ್ಕ ಹಿಡಿಯಿರಿ. ಎಂಜಿನ್ ಪಟ್ಟಿಗಳಿಗೆ ಮೊದಲು ಬರೀ ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ, ಚೈನು ಏರಿಸಿ ನೋಡಿ, ಆಮೇಲೆ ಪೂರ್ತಿ ವೆಲ್ಡ್. ಆಗ ಬ್ಯಾಟರಿ ಕಳಚಿಡಿ, ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ವೆಲ್ಡಿನ ಪಕ್ಕದ ಪೈಪಿಗೇ ಹಿಡಿಸಿ. ಅರ್ಥ್ ದೂರವಿದ್ದರೆ ಕರೆಂಟು ಬೇರಿಂಗಿನ ಗುಂಡುಗಳ ಮೂಲಕ ಹರಿದು ಅಲ್ಲಿ ಕಿಡಿ ಕಚ್ಚಿ ಗುಳಿ ಮಾಡುತ್ತದೆ.

ಚೈನಿನ ಉದ್ದ

428 ಅಳತೆಯ ಚೈನಿನ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರ) 12.7 ಮಿ.ಮೀ. ಎರಡು ಸ್ಪ್ರಾಕೆಟ್ಟುಗಳ ನಡುವಿನ ಅಂತರ 600 ಮಿ.ಮೀ. ಎಂದರೆ 14/42ಕ್ಕೆ ಲೆಕ್ಕ 122.9 ಕೊಂಡಿ ಬರುತ್ತದೆ. ಬೆಸ ಸಂಖ್ಯೆ ಮಾಡಿದರೆ ಅರ್ಧ ಕೊಂಡಿ ಸೇರಿಸಬೇಕು, ಅದು ದುರ್ಬಲ. 124 ತೆಗೆದುಕೊಂಡು ಎಂಜಿನ್ನನ್ನು ಸುಮಾರು 7 ಮಿ.ಮೀ. ಮುಂದಕ್ಕೆ ಸರಿಸಿ. ಮುಂದೆ ಚೈನು ಉದ್ದವಾದಾಗ ಎಳೆಯಲು ಎಂಜಿನ್ ಪಟ್ಟಿಯ ತೂತುಗಳನ್ನು 20 ಮಿ.ಮೀ. ಉದ್ದದ ಸೀಳುಗಳಾಗಿ ಮಾಡಿಕೊಳ್ಳಿ.

ಎರಡು ಸ್ಪ್ರಾಕೆಟ್ಟಿನ ನಡುವೆ ಕೆಳಗೆ ಓಡುವ ಚೈನಿನ ಭಾಗವನ್ನು ಮಧ್ಯದಲ್ಲಿ ಬೆರಳಿನಿಂದ ಮೇಲಕ್ಕೆ ಕೆಳಕ್ಕೆ ಒತ್ತಿದರೆ ಚೈನು 20 ಮಿ.ಮೀ. ಆಡಬೇಕು. ಹಿಂದೆ ಸಸ್ಪೆನ್ಷನ್ ಇದ್ದರೆ ಗೇರ್‌ಬಾಕ್ಸ್ ಷಾಫ್ಟ್, ಸ್ವಿಂಗ್‌ಆರ್ಮ್ ತಿರುಗುವ ಜಾಗ, ಆಕ್ಸಲ್ ಮೂರೂ ಒಂದೇ ಗೆರೆಯಲ್ಲಿ ಬಂದಾಗ ಅಳೆಯಿರಿ, ಚೈನು ಅತಿ ಬಿಗಿಯಾಗುವುದು ಆಗಲೇ. ಚೈನಿನ ತುದಿಗಳನ್ನು ಸೇರಿಸುವ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಮುಖ ಮಾಡಿರಬೇಕು. ಚೈನು ಕಾಲಿನ ಪಕ್ಕದಲ್ಲೇ ಓಡುತ್ತದೆ, 2 ಮಿ.ಮೀ. ತಗಡಿನ ಕವರ್ ಇಲ್ಲದೆ ಎಂಜಿನ್ ಶುರು ಮಾಡಬೇಡಿ.

ಬ್ರೇಕು ಚೈನಿನ ಆಚೆಗೆ, ಚಕ್ರದ ಕಡೆ ಇರಲಿ. ಗೇರ್‌ಬಾಕ್ಸ್ ಕಡೆ ಇಟ್ಟರೆ ಚೈನು ಕಡಿದ ದಿನ ಬ್ರೇಕೂ ಇರುವುದಿಲ್ಲ. ಡಿಫರೆನ್ಷಿಯಲ್ ಇದ್ದರೆ ಎರಡೂ ಚಕ್ರಕ್ಕೆ ಬೇರೆ ಬೇರೆ ಬ್ರೇಕು ಬೇಕು.

ಮೊದಲ ಓಟ

ಹಿಂದಿನ ಚಕ್ರಗಳನ್ನು ಸ್ಟ್ಯಾಂಡಿನ ಮೇಲೆತ್ತಿ, ಮುಂದಿನದಕ್ಕೆ ಅಡೆ ಕೊಟ್ಟು, ಒಂದನೇ ಗೇರಿನಲ್ಲಿ ನಿಧಾನಕ್ಕೆ ಓಡಿಸಿ. ಟಿಕ್ ಟಿಕ್ ಎಂದು ಒಂದೇ ಲಯದಲ್ಲಿ ಸದ್ದು ಬಂದರೆ ಸ್ಪ್ರಾಕೆಟ್ ಓರೆಯಾಗಿದೆ, ಇಲ್ಲವೇ ಒಂದು ಕೊಂಡಿ ಬಿಗಿದುಕೊಂಡಿದೆ. ಎಂಜಿನ್ ನಿಲ್ಲಿಸಿ, ಆಕ್ಸಲನ್ನು ಕಾಲು ಕಾಲು ಸುತ್ತು ತಿರುಗಿಸುತ್ತ ಚೈನಿನ ಸಡಿಲವನ್ನು ಮತ್ತೆ ನೋಡಿ. ಒಂದು ಜಾಗದಲ್ಲಿ 20, ಇನ್ನೊಂದರಲ್ಲಿ 8 ಬಂದರೆ ಸ್ಪ್ರಾಕೆಟ್ ನಡುಕೇಂದ್ರದಲ್ಲಿ ಕೂತಿಲ್ಲ; ಸಡಿಲವನ್ನು ಬಿಗಿ ಜಾಗಕ್ಕೆ ಹೊಂದಿಸಿ ತೇಪೆ ಹಾಕಬೇಡಿ, ಹಬ್ಬನ್ನೇ ಲೇತಿಗೆ ಕಳಿಸಿ.

ರಸ್ತೆಯಲ್ಲಿ 10 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನು ಮತ್ತೆ ಬಿಗಿ ನೋಡಿ, 50ಕ್ಕೆ ಇನ್ನೊಮ್ಮೆ. ಮುಂದೆ ಆಗಾಗ ಚೈನನ್ನು ಎಳೆದು ಹಿಡಿದು 20 ಪಿಚ್ ಅಳೆಯಿರಿ: ಹೊಸದರಲ್ಲಿ 254 ಮಿ.ಮೀ., 259 ಮುಟ್ಟಿದರೆ ಚೈನೂ ಎರಡು ಸ್ಪ್ರಾಕೆಟ್ಟೂ ಒಟ್ಟಿಗೇ ಬದಲಾಗಬೇಕು. ಹಬ್ಬೂ ಷಾಫ್ಟೂ ಸೇರುವ ಜಾಗದಲ್ಲಿ ತುಕ್ಕಿನ ಬಣ್ಣದ ನಯವಾದ ಪುಡಿ ಕಂಡರೆ ಅದು ಮಳೆಯ ತುಕ್ಕಲ್ಲ. ಒಳಗೆ ಕೀ ಆಡುತ್ತಿದೆ, ಅವತ್ತೇ ಬಿಚ್ಚಿ.