ಡೈಲಾಗ್ ಬಾಕ್ಸ್ ಬೇಕಾದ ಕಡೆಯಲ್ಲೇ ತೆರೆಯುವಂತೆ ಮಾಡುವುದು ಹೇಗೆ

ಬಿಲ್ ಹೊಡೆಯುತ್ತಾ ಇರುತ್ತೀರಿ, ಸೇವ್ ಒತ್ತಿದ ಕೂಡಲೇ ಸಾಫ್ಟ್‌ವೇರ್ ಅಲ್ಲಿಗೇ ನಿಂತುಬಿಡುತ್ತದೆ. ಮೌಸ್ ಓಡಾಡುತ್ತದೆ, ಕ್ಲಿಕ್ ಮಾಡಿದರೆ ಟಣ್ ಅಂತ ಸದ್ದು ಬರುತ್ತದೆ, ಬೇರೇನೂ ಆಗುವುದಿಲ್ಲ. ಹ್ಯಾಂಗ್ ಆಯಿತು ಅಂತ ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಮುಚ್ಚಬೇಡಿ ಮಾರಾಯ್ರೇ, ಸ್ವಲ್ಪ ತಡೆಯಿರಿ. ಆ ಟಣ್ ಸದ್ದೇ ಗುರುತು. ಎಲ್ಲೋ ಕಣ್ಣಿಗೆ ಬೀಳದ ಕಡೆ ಒಂದು ಪುಟ್ಟ ಡೈಲಾಗ್ ಬಾಕ್ಸ್ ತೆರೆದುಕೊಂಡು ನಿಮ್ಮ ಉತ್ತರಕ್ಕೆ ಕಾಯುತ್ತಿದೆ ಅಂತ ಅರ್ಥ. ಅದಕ್ಕೆ ಉತ್ತರ ಸಿಗುವ ತನಕ ಹಿಂದಿನ ವಿಂಡೋ ಅಲ್ಲಾಡುವುದಿಲ್ಲ.

ಮಂಗಳೂರಿನ ಹಂಪನಕಟ್ಟೆ, ರಥಬೀದಿ ಕಡೆ ಎಷ್ಟೋ ಅಂಗಡಿಗಳಲ್ಲಿ ಈಗ ಕ್ಯಾಶ್ ಕೌಂಟರಿನಲ್ಲಿ ಎರಡು ಸ್ಕ್ರೀನ್. ಒಂದು ಕ್ಯಾಷಿಯರ್ ಕಡೆ, ಇನ್ನೊಂದು ಗಿರಾಕಿ ಕಡೆ. ನಾನು ಕಂಪ್ಯೂಟರ್ ನೋಡಿಕೊಳ್ಳುವ ಒಂದು ಬಟ್ಟೆ ಅಂಗಡಿಯಲ್ಲಿ, "ಇವರ ಹಳೆ ಬಾಕಿ ಉಂಟು, ಮುಂದುವರಿಸಬೇಕಾ?" ಅನ್ನುವ ಬಾಕ್ಸ್ ಗಿರಾಕಿ ಕಡೆಯ ಸ್ಕ್ರೀನಿನಲ್ಲಿ ದೊಡ್ಡದಾಗಿ ಬಂತು. ಮೇಲೆ ಅವರ ಹೆಸರು, ಕೆಳಗೆ ರೂಪಾಯಿ ಲೆಕ್ಕ. ಹಿಂದೆ ಕ್ಯೂನಲ್ಲಿ ನಿಂತವರೆಲ್ಲ ಓದಿದರು, ಓದಬೇಕಾದ ಕ್ಯಾಷಿಯರ್ ಹುಡುಗಿಗೆ ಮಾತ್ರ ಕಾಣಲಿಲ್ಲ. ಆ ಹಿರಿಯರು ಏನೂ ಹೇಳದೆ ಸೀರೆಯ ಕಟ್ಟನ್ನು ಅಲ್ಲೇ ಇಟ್ಟು ಹೊರಟರು. ಬಾಕ್ಸ್ ಎಲ್ಲಿ ತೆರೆಯುತ್ತದೆ ಅನ್ನುವುದು ಸುಮ್ನೆ ಅಂದಚೆಂದದ ವಿಷಯ ಅಲ್ಲ, ಒಬ್ಬರ ಮರ್ಯಾದೆಯ ವಿಷಯವೂ ಆಗುತ್ತದೆ.

ಮೊದಲು ತಪ್ಪಿಸಿಕೊಂಡ ಬಾಕ್ಸನ್ನು ಹಿಡಿದು ತರುವ ದಾರಿ. ವಿಂಡೋಸ್‌ನಲ್ಲಿ ಆಲ್ಟ್ ಮತ್ತು ಟ್ಯಾಬ್ ಒತ್ತಿ ಆ ಸಾಫ್ಟ್‌ವೇರನ್ನು ಮುಂದಕ್ಕೆ ತನ್ನಿ. ಆಮೇಲೆ ವಿಂಡೋಸ್ ಕೀ, ಶಿಫ್ಟ್ ಎರಡನ್ನೂ ಹಿಡಿದು ಎಡ ಅಥವಾ ಬಲ ಬಾಣದ ಕೀ ಒತ್ತಿದರೆ ವಿಂಡೋ ಪಕ್ಕದ ಮಾನಿಟರಿಗೆ ಹಾರುತ್ತದೆ. ಅದು ಕೆಲಸ ಮಾಡದಿದ್ದರೆ ಆಲ್ಟ್ ಹಿಡಿದು ಸ್ಪೇಸ್ ಒತ್ತಿ, ಎರಡನ್ನೂ ಬಿಟ್ಟು ಎಂ ಒತ್ತಿ. ಈಗ ಯಾವುದಾದರೂ ಬಾಣದ ಕೀಯನ್ನು ಒಮ್ಮೆ ಮಾತ್ರ ಒತ್ತಿ, ಕೈ ಮೌಸ್ ಮೇಲೆ ಇಡಿ. ಬಾಕ್ಸ್ ಮೌಸಿಗೆ ಅಂಟಿಕೊಂಡು ಬರುತ್ತದೆ, ಬೇಕಾದಲ್ಲಿ ಕ್ಲಿಕ್ ಮಾಡಿ ಬಿಡಿ. ಬಾಣದ ಕೀ ಒತ್ತದೆ ನೇರ ಮೌಸ್ ಅಲ್ಲಾಡಿಸಿದರೆ ಬರುವುದಿಲ್ಲ, ಹೆಚ್ಚಿನವರು ಸೋಲುವುದು ಅಲ್ಲೇ. ಏನೂ ಆಗದಿದ್ದರೆ ಎಸ್ಕೇಪ್ ಒತ್ತಿ. ಸಾಮಾನ್ಯವಾಗಿ ಬಾಕ್ಸ್ ಕ್ಯಾನ್ಸಲ್ ಆಗಿ ಹಿಂದಿನ ವಿಂಡೋ ಮತ್ತೆ ಕೈಗೆ ಸಿಗುತ್ತದೆ. ಕಾಣದ ಬಾಕ್ಸಿಗೆ ಎಂಟರ್ ಮಾತ್ರ ಒತ್ತಬೇಡಿ, ಅದು ಏನು ಕೇಳುತ್ತಿದೆ ಅಂತ ನಿಮಗೆ ಗೊತ್ತಿಲ್ಲವಲ್ಲ.

ಪದೇ ಪದೇ ಹೀಗಾದರೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಡಿಸ್‌ಪ್ಲೇ ತೆರೆಯಿರಿ. ಐಡೆಂಟಿಫೈ ಒತ್ತಿದರೆ ಯಾವ ಸ್ಕ್ರೀನ್ 1, ಯಾವುದು 2 ಅಂತ ದೊಡ್ಡದಾಗಿ ತೋರಿಸುತ್ತದೆ. ಮೇಜಿನ ಮೇಲೆ ಸ್ಕ್ರೀನುಗಳು ಹೇಗೆ ಇವೆಯೋ ಹಾಗೆಯೇ ಆ ಚಿತ್ರದಲ್ಲೂ ಎಳೆದು ಜೋಡಿಸಿ. ಕ್ಯಾಷಿಯರ್ ಕಡೆಯದ್ದನ್ನು ಆರಿಸಿ "ಮೇಕ್ ದಿಸ್ ಮೈ ಮೈನ್ ಡಿಸ್‌ಪ್ಲೇ" ಅನ್ನುವುದಕ್ಕೆ ಟಿಕ್ ಹಾಕಿ. ಎಲ್ಲಿ ತೆರೆಯಬೇಕು ಅಂತ ಗೊತ್ತಿಲ್ಲದ ಎಷ್ಟೋ ಬಾಕ್ಸ್‌ಗಳು ಮೈನ್ ಡಿಸ್‌ಪ್ಲೇಯನ್ನೇ ಹುಡುಕಿಕೊಂಡು ಬರುವುದರಿಂದ ಇದೊಂದರಿಂದಲೇ ಅರ್ಧ ಕಾಟ ಕಡಿಮೆಯಾಗುತ್ತದೆ. ವಿಂಡೋಸ್ 11 ಆದರೆ ಅಲ್ಲೇ ಮಲ್ಟಿಪಲ್ ಡಿಸ್‌ಪ್ಲೇಸ್ ಕೆಳಗೆ, ಮಾನಿಟರ್ ಜೋಡಣೆ ಪ್ರಕಾರ ವಿಂಡೋ ಜಾಗ ನೆನಪಿಡುವ ಆಯ್ಕೆ ಇದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೋಗಿ ಬಂದು ಮಾಡುವಾಗ, ಯುಪಿಎಸ್ ಇಲ್ಲದ ಎರಡನೇ ಮಾನಿಟರ್ ಆರಿ ಹೊತ್ತಿದರೆ ವಿಂಡೋಗಳೆಲ್ಲ ಜಾಗ ಬದಲಿಸಿಬಿಡುತ್ತವೆ ಅಲ್ವಾ, ಅದಕ್ಕೆ ಇದು ಆನ್ ಇರಲಿ. ಎರಡನೇ ಮಾನಿಟರಿಗೂ ಯುಪಿಎಸ್‌ನಿಂದಲೇ ವಯರ್ ಕೊಡುವುದು ಇನ್ನೂ ಒಳ್ಳೆಯದು.

ಬಾಕ್ಸ್ ದೂರ ಬಂದರೆ ಮೌಸನ್ನೇ ಅಲ್ಲಿಗೆ ಕಳಿಸುವ ಆಯ್ಕೆಯೂ ಇದೆ. ಕಂಟ್ರೋಲ್ ಪ್ಯಾನೆಲ್‌ನ ಮೌಸ್‌ನಲ್ಲಿ ಪಾಯಿಂಟರ್ ಆಪ್ಷನ್ಸ್‌ಗೆ ಹೋಗಿ ಸ್ನ್ಯಾಪ್ ಟು ಆನ್ ಮಾಡಿದರೆ ಪಾಯಿಂಟರ್ ತಾನಾಗಿ ಡಿಫಾಲ್ಟ್ ಬಟನ್ (ಎಂಟರ್ ಒತ್ತಿದರೆ ಕೆಲಸ ಮಾಡುವ ಬಟನ್) ಮೇಲೆ ಹೋಗಿ ಕೂರುತ್ತದೆ. ಲಿಬ್ರೆಆಫೀಸ್‌ಗೂ ಇಂಥದ್ದು ಬೇರೆಯಾಗಿ ಇದೆ, ಆಪ್ಷನ್ಸ್‌ನ ವ್ಯೂ ಪುಟದಲ್ಲಿ. ಆದರೆ ಬಿಲ್ಲಿಂಗ್ ಕೌಂಟರಿನಲ್ಲಿ ನಾನು ಇದನ್ನು ಹಾಕುವುದಿಲ್ಲ. ಅವಸರದಲ್ಲಿ ಕ್ಲಿಕ್ ಮಾಡುವವರಿಗೆ "ಡಿಲೀಟ್ ಮಾಡಬೇಕಾ?" ಅನ್ನುವ ಬಾಕ್ಸಿನಲ್ಲೂ ಪಾಯಿಂಟರ್ "ಯೆಸ್" ಬಟನ್ ಮೇಲೇ ಹೋಗಿ ಕೂತರೆ ಕಷ್ಟ.

ಇಷ್ಟು ಬಳಸುವವರಿಗೆ. ನಿಜವಾದ ರಿಪೇರಿ ಸಾಫ್ಟ್‌ವೇರ್ ಬರೆಯುವವರ ಕೈಯಲ್ಲಿದೆ. ಅಂಗಡಿಗೆ, ಸೊಸೈಟಿಗೆ ಸಣ್ಣ ಪ್ರೋಗ್ರಾಂ ಬರೆದುಕೊಡುವವರು ನಮ್ಮೂರಲ್ಲಿ ಬಹಳ ಜನ ಇದ್ದೀರಿ, ದಯವಿಟ್ಟು ಇದನ್ನು ಗಮನಿಸಿ. ಸ್ಕ್ರೀನಿನ ಮಧ್ಯ ಎಲ್ಲಿ ಅಂತ ಲೆಕ್ಕ ಹಾಕಬೇಡಿ. ಬಾಕ್ಸಿಗೆ ಅದರ ಓನರ್ ವಿಂಡೋ, ಅಂದರೆ ಅದನ್ನು ತೆರೆದ ವಿಂಡೋ, ಯಾವುದು ಅಂತ ಹೇಳಿ. ಓನರ್ ಗೊತ್ತಿದ್ದ ಬಾಕ್ಸ್ ಅದರ ಹಿಂದೆ ಅಡಗುವುದಿಲ್ಲ, ಅದರ ಮಧ್ಯಕ್ಕೇ ತರುವುದೂ ಸುಲಭ. ವಿಂಡೋಸ್ ಪ್ರೋಗ್ರಾಂ ಬರೆಯುವ ಸಲಕರಣೆಯಾದ ವಿಂಡೋಸ್ ಫಾರ್ಮ್ಸ್‌ನಲ್ಲಿ ಸ್ಟಾರ್ಟ್‌ಪೊಸಿಷನ್ ಅನ್ನು ಸೆಂಟರ್‌ಪೇರೆಂಟ್ ಮಾಡಿ, ಶೋಡೈಲಾಗ್ ಕರೆಯುವಾಗ ಬ್ರಾಕೆಟ್ ಒಳಗೆ ಓನರ್ ಫಾರ್ಮನ್ನು ಕೊಡಿ. ಅಂಥದ್ದೇ ಇನ್ನೊಂದು ಸಲಕರಣೆ ಡಬ್ಲ್ಯುಪಿಎಫ್‌ನಲ್ಲಿ ಮೊದಲು ಓನರ್ ಹೇಳಿ, ಆಮೇಲೆ ವಿಂಡೋಸ್ಟಾರ್ಟ್‌ಅಪ್‌ಲೊಕೇಶನ್‌ಗೆ ಸೆಂಟರ್‌ಓನರ್. ಜಾವಾ ಸ್ವಿಂಗ್‌ನಲ್ಲಿ ಜೆಆಪ್ಷನ್‌ಪೇನ್‌ಗೆ ಮೊದಲನೆಯದಾಗಿ ಕೊಡುವುದೇ ಪೇರೆಂಟ್ (ಓನರ್ ಇದ್ದ ಹಾಗೆಯೇ), ಅಲ್ಲಿ ನಲ್, ಅಂದರೆ ಯಾರೂ ಇಲ್ಲ, ಅಂತ ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ.

ಎಕ್ಸೆಲ್ ಮ್ಯಾಕ್ರೋ ಬರೆಯುವವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಯೂಸರ್‌ಫಾರ್ಮ್ ಅಂದರೆ ನೀವೇ ಮಾಡುವ ಬಾಕ್ಸ್, ಅದರ ಸ್ಟಾರ್ಟ್‌ಅಪ್‌ಪೊಸಿಷನ್‌ಗೆ 4 ಬೆಲೆಗಳಿವೆ: 0 ಅಂದರೆ ನೀವೇ ಹೇಳುತ್ತೀರಿ, 1 ಓನರ್ ಮಧ್ಯ, 2 ಸ್ಕ್ರೀನ್ ಮಧ್ಯ, 3 ವಿಂಡೋಸ್‌ಗೆ ಬಿಟ್ಟದ್ದು. ಮೊದಲೇ 1 ಇರುತ್ತದೆ, ಆದರೂ ಎರಡು ಮಾನಿಟರ್ ಇದ್ದಾಗ ಫಾರ್ಮ್ ಕೆಲವೊಮ್ಮೆ ಬೇರೆ ಕಡೆ ಹೋಗುತ್ತದೆ. ಆಗ 0 ಮಾಡಿ. ಅಪ್ಲಿಕೇಶನ್‌ನ (ಅಂದರೆ ಎಕ್ಸೆಲ್ ವಿಂಡೋದ) ಲೆಫ್ಟ್‌ಗೆ ಅದರ ಅಗಲದ ಅರ್ಧ ಕೂಡಿಸಿ, ಫಾರ್ಮಿನ ಅಗಲದ ಅರ್ಧ ಕಳೆದು, ಬಂದದ್ದನ್ನು ಫಾರ್ಮಿನ ಲೆಫ್ಟ್‌ಗೆ ಕೊಡಿ. ಟಾಪ್‌ಗೂ ಹಾಗೆಯೇ, ಅಗಲದ ಬದಲು ಎತ್ತರ. ಮ್ಯಾಕ್ರೋ ಬರೆಯುವ ಭಾಷೆ ವಿಬಿಎಯ ಇನ್‌ಪುಟ್‌ಬಾಕ್ಸ್‌ಗೆ ಜಾಗ ಹೇಳಲು ಎಕ್ಸ್‌ಪೊಸ್, ವೈಪೊಸ್ ಅಂತ ಇವೆ, ಆದರೆ ಅವು ಪಿಕ್ಸೆಲ್ ಅಲ್ಲ, ಟ್ವಿಪ್. ಒಂದು ಇಂಚಿಗೆ 1440 ಟ್ವಿಪ್. ಪಿಕ್ಸೆಲ್ ಅಂದುಕೊಂಡು 200 ಕೊಟ್ಟರೆ ಬಾಕ್ಸ್ ಮೂಲೆಯಲ್ಲೇ ಉಳಿಯುತ್ತದೆ. ಸಂದೇಶ ತೋರಿಸುವ ಎಂಎಸ್‌ಜಿಬಾಕ್ಸ್‌ಗೆ ಜಾಗ ಹೇಳುವ ಆಯ್ಕೆಯೇ ಇಲ್ಲ. ಅದು ಇಂಥ ಕಡೆಯಲ್ಲೇ ಬರಬೇಕಾದರೆ ಎರಡು ಬಟನ್ ಇಟ್ಟು ನಿಮ್ಮದೇ ಪುಟ್ಟ ಯೂಸರ್‌ಫಾರ್ಮ್ ಮಾಡಿ, ಸುಲಭ.

ಬಾಕ್ಸಿನ ಹಿಂದಿನ ಜಾಗ ನೆನಪಿಟ್ಟು ಮತ್ತೆ ಅಲ್ಲೇ ತೆರೆಯುವುದಾದರೆ ಇನ್ನೂ ಜಾಗ್ರತೆ ಬೇಕು. ಮಿನಿಮೈಸ್ ಆದ ವಿಂಡೋದ ಜಾಗ ಕೇಳಿದರೆ ವಿಂಡೋಸ್ -32000 ಅಂತ ಹೇಳುತ್ತದೆ. ಅದನ್ನೇ ಸೇವ್ ಮಾಡಿದರೆ ಮರುದಿನ ವಿಂಡೋ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಂತ ಸೊನ್ನೆಗಿಂತ ಕಡಿಮೆ ಇದ್ದದ್ದೆಲ್ಲ ತಪ್ಪು ಅಂತ ತಳ್ಳಿಹಾಕಬೇಡಿ. ಮೈನ್ ಡಿಸ್‌ಪ್ಲೇಯ ಎಡ ಮೇಲ್ತುದಿ 0, 0. ಅದರ ಎಡಕ್ಕೆ 1920 ಪಿಕ್ಸೆಲ್ ಅಗಲದ ಮಾನಿಟರ್ ಇದ್ದರೆ ಅದು -1920ರಿಂದ ಶುರುವಾಗುತ್ತದೆ, ಅಲ್ಲಿನ ಮೈನಸ್ ಲೆಕ್ಕ ಸರಿಯಾದದ್ದೇ. ತೆರೆಯುವ ಮೊದಲು ಆ ಜಾಗ ಈಗ ಇರುವ ಯಾವುದಾದರೂ ಸ್ಕ್ರೀನಿನ ಒಳಗೆ ಬರುತ್ತದಾ ಅಂತ ನೋಡಿ, ಬರದಿದ್ದರೆ ಓನರ್ ಮಧ್ಯಕ್ಕೆ ತನ್ನಿ.

ಲಿನಕ್ಸ್‌ನಲ್ಲಿ ವೇಲ್ಯಾಂಡ್ (ಸ್ಕ್ರೀನಿನಲ್ಲಿ ವಿಂಡೋ ತೋರಿಸುವ ಹೊಸ ವ್ಯವಸ್ಥೆ) ಬಂದ ಮೇಲೆ ಸಾಫ್ಟ್‌ವೇರ್ ತನ್ನ ಸಾಮಾನ್ಯ ವಿಂಡೋವನ್ನು ಸ್ಕ್ರೀನಿನ ಇಂಥ ಜಾಗದಲ್ಲೇ ಇಡಿ ಅಂತ ಹೇಳುವ ಹಾಗೇ ಇಲ್ಲ, ಪೇರೆಂಟ್ ಯಾರು ಅಂತ ಮಾತ್ರ ಹೇಳಬಹುದು. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಬಳಸುವವರು ಟ್ವೀಕ್ಸ್‌ನಲ್ಲಿ ಅಟ್ಯಾಚ್ ಮೋಡಲ್ ಡೈಲಾಗ್ಸ್ (ಬಾಕ್ಸನ್ನು ಪೇರೆಂಟಿಗೆ ಅಂಟಿಸುವುದು), ಸೆಂಟರ್ ನ್ಯೂ ವಿಂಡೋಸ್ (ಹೊಸ ವಿಂಡೋ ಮಧ್ಯದಲ್ಲಿ ತೆರೆಯುವುದು) ಎರಡನ್ನೂ ನೋಡಿ. ಇನ್ನೊಂದು ಡೆಸ್ಕ್‌ಟಾಪ್ ಕೆಡಿಇಯಲ್ಲಿ ವಿಂಡೋ ರೂಲ್ಸ್ ಇದೆ, ಒಂದೊಂದು ಸಾಫ್ಟ್‌ವೇರಿಗೆ ಒಂದೊಂದು ನಿಯಮ ಬರೆಯಬಹುದು.

ಪ್ರೋಗ್ರಾಂ ಕೊಡುವ ಮೊದಲು ಅಂಗಡಿಯಲ್ಲೇ ಪರೀಕ್ಷೆ ಮಾಡಿ. ಮುಖ್ಯ ವಿಂಡೋವನ್ನು ಎರಡನೇ ಸ್ಕ್ರೀನಿಗೆ ಎಳೆದು ಎಲ್ಲ ಬಾಕ್ಸ್ ತೆರೆಯಿರಿ, ಒಂದು ಸ್ಕ್ರೀನಿನ ಸ್ಕೇಲ್ (ಅಕ್ಷರ, ಚಿತ್ರ ತೋರಿಸುವ ಗಾತ್ರ) 150 ಶೇಕಡಾ ಮಾಡಿ ಮತ್ತೊಮ್ಮೆ ತೆರೆಯಿರಿ, ಕೊನೆಗೆ ಎರಡನೇ ಮಾನಿಟರಿನ ಕೇಬಲ್ ಕಿತ್ತು ಪ್ರೋಗ್ರಾಂ ಹೊಸದಾಗಿ ಶುರು ಮಾಡಿ. ಹೆಸರು, ಬಾಕಿ, ಫೋನ್ ನಂಬರ್ ತೋರಿಸುವ ಬಾಕ್ಸ್‌ಗಳನ್ನು ಮಾತ್ರ ಗಿರಾಕಿ ನಿಲ್ಲುವ ಕಡೆ ನಿಂತು ನೋಡಿ.